ಗೋಡೆ ಬೀರುವಿಗೂ ತೆರಿಗೆ ಇತ್ತೇ? ಹಳೆ ಮನೆಗಳ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

ಹಳೆಯ ಮನೆಯೊಂದರ ಫೋಟೊ, ಅದರ ಕೆಳಗೆ ನಾಲ್ಕು ಸಾಲು. ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಒಂದೂ ಮೊಳೆ ಬಳಸದೆ ಕಟ್ಟಿದ ಮನೆಯಂತೆ, 200 ವರ್ಷವಾದರೂ ಅಲುಗಿಲ್ಲವಂತೆ. ಎಸಿ ಇಲ್ಲ, ಫ್ಯಾನ್ ಇಲ್ಲ, ಆದರೂ ಒಳಗೆ ಬೆಟ್ಟದ ತಂಪಂತೆ. ಕೊನೆಗೆ ಇಂದಿನ ಎಂಜಿನಿಯರ್‌ಗಳಿಗೆ ಒಂದು ಬೈಗುಳ. ಫೋಟೊ ಬದಲಾಗುತ್ತದೆ, ಸಾಲುಗಳು ಬದಲಾಗುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಚಾಳಿ ಅಲ್ಲ. ಅಮೆರಿಕದಲ್ಲಿ ವಸ್ತುಸಂಗ್ರಹಾಲಯಗಳಾಗಿರುವ ಹಳೆ ಮನೆಗಳ ಸುತ್ತ ಇಂಥ ಕಥೆಗಳು ಎಷ್ಟು ಬೆಳೆದಿವೆಯೆಂದರೆ, ಮೇರಿ ಮೈಲಿ ಥಿಯೊಬಾಲ್ಡ್ ಎಂಬ ಇತಿಹಾಸ ಲೇಖಕಿ ಅವನ್ನೆಲ್ಲ ಒಟ್ಟುಹಾಕಿ, ಒಂದೊಂದನ್ನೂ ಪರೀಕ್ಷಿಸಿ 2012ರಲ್ಲಿ 'ಡೆತ್ ಬೈ ಪೆಟಿಕೋಟ್' ಎಂಬ ಪುಸ್ತಕವನ್ನೇ ತಂದರು. ಈ ಕಥೆಗಳನ್ನು ನಾವೂ ಒಂದು ಮನೆಯ ಮುಂದಿಟ್ಟು ನೋಡೋಣ. ನಾವು ಆರಿಸಿಕೊಂಡದ್ದು ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯ ವಾಶೆರಿ ಎಂಬ ಊರಲ್ಲಿರುವ 'ಲಾರಾ' ಎಂಬ ಮನೆಯನ್ನು. ನ್ಯೂ ಆರ್ಲಿಯನ್ಸ್ ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇಂದು ಅದು ಲೂಸಿಯಾನಾದ ಕ್ರಿಯೋಲ್ ಪರಂಪರೆಯ ಕೇಂದ್ರ.

ಮೊದಲು ಆ ಹೆಸರಿನ ಬಗ್ಗೆ ಎರಡು ಮಾತು. ಕ್ರಿಯೋಲ್ ಎಂದರೆ ಮಿಶ್ರ ಜನಾಂಗ ಎಂದು ಅನೇಕರು ತಿಳಿದಿದ್ದಾರೆ. ಮೂಲ ಅರ್ಥ ಅದಲ್ಲ. ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳಿಂದ ಬಂದ ಈ ಪದದ ಅರ್ಥ ವಸಾಹತಿನಲ್ಲೇ ಹುಟ್ಟಿದವರು, ಅಂದರೆ ಹೊರಗಿನಿಂದ ಬಂದವರಲ್ಲ, ಇಲ್ಲಿಯವರೇ ಎಂದು. ಲೂಸಿಯಾನಾ ಮೊದಲು ಫ್ರಾನ್ಸಿನ ಕೈಯಲ್ಲಿತ್ತು, ಆಮೇಲೆ ಸ್ಪೇನಿನ ಕೈಗೆ ಹೋಯಿತು, 1803ರಲ್ಲಿ ಅಮೆರಿಕ ಅದನ್ನು ಕೊಂಡಿತು. ಅಲ್ಲಿ ಹುಟ್ಟಿದ ಫ್ರೆಂಚ್ ಮನೆತನದವರೂ ಕ್ರಿಯೋಲರೇ, ಆಫ್ರಿಕಾದಿಂದ ಹಿಡಿದು ತಂದವರಿಗೆ ಅಲ್ಲಿ ಹುಟ್ಟಿದ ಮಕ್ಕಳೂ ಕ್ರಿಯೋಲರೇ. ಭಾಷೆ, ಅಡುಗೆ, ಮನೆ ಕಟ್ಟುವ ರೀತಿ ಎಲ್ಲವೂ ಇವರಿಬ್ಬರ ನಡುವೆ, ಆ ನೆಲದ ಮೂಲನಿವಾಸಿಗಳ ಜೊತೆಗೂ ಸೇರಿ ಬೆಳೆದವು.

ಲಾರಾ ಮನೆಯನ್ನು 1804-05ರಲ್ಲಿ ಕಟ್ಟಿಸಿದವನು ಗಿಯೋಮ್ ಡ್ಯೂಪಾರ್ಕ್ ಎಂಬ ಫ್ರೆಂಚ್ ನೌಕಾಪಡೆಯ ಮಾಜಿ ಯೋಧ. ಸುತ್ತ ಕಬ್ಬಿನ ತೋಟ. ಕಟ್ಟಿಸಿ ಕೆಲವೇ ವರ್ಷದಲ್ಲಿ ಅವನು ತೀರಿಕೊಂಡ. ಮುಂದೆ ಹೆಂಡತಿ ನ್ಯಾನೆಟ್, ಆಮೇಲೆ ಮಗಳು ಎಲಿಸಬೆತ್ ತೋಟದ ಯಜಮಾನಿಕೆ ನಡೆಸಿದರು. ಡ್ಯೂಪಾರ್ಕನ ಮರಿಮೊಮ್ಮಗಳು ಲಾರಾ ಲೊಕೂಲ್. 1861ರಲ್ಲಿ ಹುಟ್ಟಿದವಳು, 1891ರಲ್ಲಿ ಆಸ್ತಿ ಮಾರಿದಳು. ಹೆಸರು ಮಾತ್ರ 'ಲಾರಾ' ಎಂದೇ ಉಳಿಯಿತು.

ನೋಡಲು ಮನೆ ಹೇಗಿದೆ? ಸಿನಿಮಾಗಳಲ್ಲಿ ಕಾಣುವ, ದಪ್ಪ ಬಿಳಿ ಕಂಬಗಳ ಅರಮನೆಯ ಹಾಗಲ್ಲ. ಆ ಶೈಲಿ ಬೇಕಿದ್ದರೆ ಅದೇ ವಾಶೆರಿಯಲ್ಲಿ 1830ರ ದಶಕದಲ್ಲಿ ಕಟ್ಟಿದ ಓಕ್ ಆಲಿ ಇದೆ. ಲಾರಾ ಮನೆಗೆ ಹಳದಿ, ಕೆಂಪು, ಹಸಿರು ಬಣ್ಣ. ಕೆಳಗೆ ಇಟ್ಟಿಗೆಯ ನೆಲಮಾಳಿಗೆ, ಅದರ ಮೇಲೆ ಜನ ವಾಸಿಸುವ ಮರದ ಅಂತಸ್ತು, ಮುಂದುಗಡೆ ಉದ್ದಕ್ಕೂ ನಮ್ಮ ಜಗಲಿಯ ಹಾಗಿರುವ ಅಗಲವಾದ ವರಾಂಡ.

ಒಂದೂ ಮೊಳೆ ಇಲ್ಲವೇ?

ಅರ್ಧ ನಿಜ. ಈ ಮನೆಯ ಅಸ್ಥಿಪಂಜರ ಎನ್ನಬಹುದಾದ ಕಂಬ, ತೊಲೆಗಳ ಚೌಕಟ್ಟನ್ನು ಮೊಳೆಯಿಂದ ಜೋಡಿಸಿಲ್ಲ. ಒಂದು ತೊಲೆಯಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುವುದು ಆಗಿನ ಕ್ರಮ. ತೊಲೆಗಳನ್ನು ಮೊದಲು ನೆಲದ ಮೇಲೆ ಕತ್ತರಿಸಿ ಅಳತೆ ಸರಿಮಾಡಿಕೊಂಡು, ಯಾವುದು ಯಾವುದಕ್ಕೆ ಎಂದು ರೋಮನ್ ಅಂಕಿ ಕೆತ್ತಿ, ಆಮೇಲೆ ಎತ್ತಿ ಜೋಡಿಸುತ್ತಿದ್ದರು. ಇಂದು ಪೆಟ್ಟಿಗೆಯಲ್ಲಿ ಬರುವ ಮಂಚವನ್ನು ನಂಬರ್ ನೋಡಿ ಕೂಡಿಸುವ ಹಾಗೆ.

ಆದರೆ ಚೌಕಟ್ಟಿನ ಹೊರಗೆ ಮೊಳೆ ಧಾರಾಳವಾಗಿ ಇರುತ್ತದೆ. ಛಾವಣಿಯ ಮರದ ಹೆಂಚು, ಗೋಡೆಯ ಹಲಗೆ, ಬಾಗಿಲಿನ ಕೀಲು, ಇವಕ್ಕೆ ಮೊಳೆ ಬೇಕೇ ಬೇಕು. ಇನ್ನೊಂದು ಕುತೂಹಲದ ಸಂಗತಿ ಎಂದರೆ ಹಳೆ ಮನೆಯ ವಯಸ್ಸು ಹೇಳುವ ಸಾಕ್ಷಿಗಳಲ್ಲಿ ಮೊಳೆಯೂ ಒಂದು. ಕಮ್ಮಾರ ಬಡಿದು ಮಾಡಿದ ಮೊಳೆ ಒಂದು ಕಾಲದ್ದು. 1790ರ ದಶಕದಿಂದ ಕಬ್ಬಿಣದ ತಗಡನ್ನು ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಮೊಳೆಗಳು ಬಂದವು. ಈಗ ನಾವು ಬಳಸುವ ದುಂಡನೆಯ ತಂತಿ ಮೊಳೆ ಸಾಮಾನ್ಯವಾದದ್ದು 19ನೇ ಶತಮಾನದ ಕೊನೆಗೆ. ಒಂದು ಹಲಗೆಯಲ್ಲಿ ಮೊದಲಿನಿಂದಲೂ ತಂತಿ ಮೊಳೆಯೇ ಇದ್ದರೆ, ಮನೆ ಎಷ್ಟೇ ಹಳತಾಗಿರಲಿ, ಆ ಹಲಗೆ ಅಲ್ಲಿಗೆ ಬಂದದ್ದು ಆಮೇಲೆ ಎಂದರ್ಥ. ತೊಲೆಯ ಬೆಳವಣಿಗೆಯ ಉಂಗುರ ಎಣಿಸಿ ಮರ ಕಡಿದ ವರ್ಷ ಹೇಳಬಹುದು, ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊದಲ ಬಣ್ಣ ಯಾವುದೆಂದು ಹೇಳಬಹುದು.

ಬೀರುವಿಗೆ ತೆರಿಗೆ, ಗಿಡ್ಡ ಮಂಚ

ಅಮೆರಿಕದ ಹಳೆ ಮನೆಗಳಲ್ಲಿ ಗೋಡೆ ಬೀರು ಕಡಿಮೆ. ಅದನ್ನೂ ಒಂದು ಕೋಣೆ ಎಂದು ಲೆಕ್ಕ ಹಾಕಿ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಜನ ಕಟ್ಟುತ್ತಿರಲಿಲ್ಲ ಎಂಬ ಕಥೆಯನ್ನು ಎಷ್ಟೋ ಪ್ರವಾಸಿಗರು ಮನೆಗೆ ಕೊಂಡೊಯ್ದಿದ್ದಾರೆ. ಇದು ಸುಳ್ಳು. ವಸಾಹತು ಕಾಲದ ಅಮೆರಿಕದಲ್ಲಿ ಅಂಥ ತೆರಿಗೆಯ ಕಾನೂನು ಯಾರಿಗೂ ಸಿಕ್ಕಿಲ್ಲ. ಜನರ ಬಳಿ ಬಟ್ಟೆ ಕಡಿಮೆ ಇತ್ತು, ಇದ್ದದ್ದನ್ನು ಪೆಟ್ಟಿಗೆಯಲ್ಲೋ ಎತ್ತರದ ಮರದ ಬೀರುವಿನಲ್ಲೋ ಇಡುತ್ತಿದ್ದರು, ಅಷ್ಟೇ.

ಆದರೆ ಕಥೆ ಹುಟ್ಟಿದ್ದು ಗಾಳಿಯಲ್ಲಿ ಅಲ್ಲ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ನಿಜವಾಗಿಯೂ ತೆರಿಗೆ ಇತ್ತು, ಜನ ಕಿಟಕಿಗೆ ಇಟ್ಟಿಗೆ ಮುಚ್ಚಿ ತೆರಿಗೆ ಉಳಿಸಿಕೊಂಡದ್ದೂ ಉಂಟು. ಫ್ರಾನ್ಸಿನಲ್ಲಿ 1798ರಿಂದ 1926ರವರೆಗೆ ಬಾಗಿಲು, ಕಿಟಕಿ ಎರಡಕ್ಕೂ ತೆರಿಗೆ ಇತ್ತು. ನಂಬಿಕೆಗೆ ಬರುವ ಸುಳ್ಳು ಹೀಗೇ ಇರುತ್ತದೆ. ಒಂದು ಕಡೆಯ ನಿಜದ ತುಣುಕು ಇನ್ನೊಂದು ಕಡೆಯ ಮನೆಗೆ ಅಂಟಿಕೊಳ್ಳುತ್ತದೆ. ಕ್ರಿಯೋಲ್ ಮನೆ ನೋಡಿದರೆ ಈ ವಾದ ತಾನಾಗಿ ಬಿದ್ದುಹೋಗುತ್ತದೆ: ಆ ಮನೆಗಳಲ್ಲಿ ಕೋಣೆಗಳನ್ನು ಜೋಡಿಸುವ ಒಳ ಹಾದಿಯೇ ಇಲ್ಲ, ಒಂದೊಂದು ಕೋಣೆಗೂ ವರಾಂಡಕ್ಕೆ ತೆರೆಯುವ ಬಾಗಿಲು, ಪಕ್ಕದ ಕೋಣೆಗೆ ಇನ್ನೊಂದು ಬಾಗಿಲು. ತೆರಿಗೆಗೆ ಹೆದರಿದವರು ಕಟ್ಟುವ ಮನೆ ಅದಲ್ಲ.

ಗಿಡ್ಡ ಮಂಚದ ಕಥೆಯೂ ಹೀಗೇ. ಆಗಿನವರು ಕುಳ್ಳರಿದ್ದರು, ಅದಕ್ಕೆ ಮಂಚ ಗಿಡ್ಡ ಎನ್ನುತ್ತಾರೆ. ಮಂಚ ಗಿಡ್ಡವಲ್ಲ. ಎತ್ತರದ ನಾಲ್ಕು ಕಂಬ, ಮೇಲೆ ಚಪ್ಪರ, ಉಬ್ಬಿದ ಹಾಸಿಗೆ ಇರುವುದರಿಂದ ಹಾಗೆ ಕಾಣುತ್ತದೆ. ಟೇಪ್ ಹಿಡಿದರೆ ಮುಗಿಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕರ ಎತ್ತರ ಸೇನೆಯ ದಾಖಲೆಗಳಲ್ಲಿದೆ. ಅಲ್ಲೇ ಹುಟ್ಟಿದ ಬಿಳಿಯ ಗಂಡಸರ ಸರಾಸರಿ ಸುಮಾರು 172 ಸೆಂಟಿಮೀಟರ್. ಇಂದಿನ ಸರಾಸರಿ ಭಾರತೀಯ ಗಂಡಸಿಗಿಂತ ಅವರೇ ಎತ್ತರ.

ಎಸಿ ಇಲ್ಲದೆ ತಂಪು?

ಇದನ್ನು ನಾವು ಸುಳ್ಳು ಎಂದು ತಳ್ಳಿಹಾಕುವುದಿಲ್ಲ, ಆದರೆ ಕಾರಣ ಫಾರ್ವರ್ಡ್ ಹೇಳಿದಂತಿಲ್ಲ.

ಲಾರಾ ಮನೆಯ ಮೇಲಂತಸ್ತಿನ ಗೋಡೆ ಕಂಬಗಳ ನಡುವೆ ಇಟ್ಟಿಗೆ ತುಂಬಿ ಕಟ್ಟಿದ್ದು. ಲೂಸಿಯಾನಾದ ಇನ್ನೂ ಅನೇಕ ಕ್ರಿಯೋಲ್ ಮನೆಗಳಲ್ಲಿ ಇಟ್ಟಿಗೆಯ ಬದಲು ಜೇಡಿಮಣ್ಣಿಗೆ 'ಸ್ಪ್ಯಾನಿಷ್ ಮಾಸ್' ಎಂಬ ನಾರು ಕಲಸಿ ತುಂಬುತ್ತಿದ್ದರು. ಮಾಸ್ ಎಂದರೆ ಪಾಚಿ ಎಂದಾದರೂ ಇದು ಪಾಚಿಯಲ್ಲ, ಮರದ ಕೊಂಬೆಗಳಿಂದ ಗಡ್ಡದ ಹಾಗೆ ಜೋತುಬೀಳುವ, ಅನಾನಸಿನ ಕುಟುಂಬಕ್ಕೆ ಸೇರಿದ ಗಿಡ. ನಮ್ಮಲ್ಲಿ ಮಣ್ಣಿಗೆ ಹುಲ್ಲು ಕಲಸುವ ಹಾಗೆ ಇದೂ ಮಣ್ಣು ಬಿರುಕು ಬಿಡದಂತೆ ಹಿಡಿದಿಡುತ್ತದೆ.

ದಪ್ಪ ಗೋಡೆ ತಂಪು ಕೊಡುವುದು ಹೇಗೆ? ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ರಾತ್ರಿ ಹೊರಗೆ ಬಿಡುವ ಮೂಲಕ. ಇದಕ್ಕೆ ರಾತ್ರಿ ತಣ್ಣಗಿರಬೇಕು. ಹಗಲು-ರಾತ್ರಿಯ ವ್ಯತ್ಯಾಸ ದೊಡ್ಡದಿರುವ ಒಣ ಪ್ರದೇಶಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಜುಲೈ ಹಗಲು ಸುಮಾರು 33 ಡಿಗ್ರಿ ಸೆಲ್ಸಿಯಸ್ ಇದ್ದರೆ ರಾತ್ರಿಯೂ 24-25 ಡಿಗ್ರಿ, ಜೊತೆಗೆ ಬೆವರು ಆರದಷ್ಟು ತೇವ. ಅಲ್ಲಿ ಗೋಡೆಯ ಪಾತ್ರ ಸಣ್ಣದು. ನಿಜವಾದ ಕೆಲಸ ಮಾಡುವುದು ನೆರಳು ಮತ್ತು ಗಾಳಿ. ಅಗಲವಾದ ವರಾಂಡ ಗೋಡೆಗೆ ಬಿಸಿಲು ಬೀಳದಂತೆ, ಮಳೆಯಲ್ಲೂ ಬಾಗಿಲು ತೆರೆದಿಡಬಹುದಾದಂತೆ ಕಾಯುತ್ತದೆ. ಎದುರುಬದುರು ಬಾಗಿಲುಗಳು ನದಿಯ ಗಾಳಿಯನ್ನು ಮನೆಯ ಈ ಬದಿಯಿಂದ ಆ ಬದಿಗೆ ಹಾಯಿಸುತ್ತವೆ. ಎತ್ತರದ ಇಳಿಜಾರು ಛಾವಣಿಯಡಿಯ ಅಟ್ಟ ಬಿಸಿಲಿನ ಕಾವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮನೆಯನ್ನು ಎತ್ತರದಲ್ಲಿ ಕಟ್ಟಿದ್ದು ಮುಖ್ಯವಾಗಿ ನೆರೆಗೆ ಹೆದರಿ, ಆದರೆ ಅದರಿಂದ ನೆಲದ ತೇವ ದೂರವಾಯಿತು, ಗಾಳಿಯೂ ಹೆಚ್ಚು ಸಿಕ್ಕಿತು.

ಒಟ್ಟಿನಲ್ಲಿ ಬಿಸಿಲಿಗಿಂತ ಹಿತ, ಎಸಿಯ ತಂಪಲ್ಲ. ಅಡುಗೆಮನೆಯನ್ನು ಬೇರೆಯಾಗಿ ಕಟ್ಟುತ್ತಿದ್ದರು ಎಂಬುದನ್ನೂ ಮರೆಯಬಾರದು. ಒಲೆಯ ಉರಿಯೂ ಬೆಂಕಿಯ ಭಯವೂ ಯಜಮಾನರ ಮನೆಯಿಂದ ದೂರ. ಆ ಉರಿಯ ಮುಂದೆ ನಿಂತವರು ಬೇರೆಯವರು.

200 ವರ್ಷ ಅಲುಗದೆ ನಿಂತಿದೆಯೇ?

ಇಲ್ಲ. 2004ರ ಆಗಸ್ಟ್‌ನಲ್ಲಿ ವಿದ್ಯುತ್ ದೋಷದಿಂದ ಹೊತ್ತಿಕೊಂಡ ಬೆಂಕಿಯಲ್ಲಿ ಲಾರಾ ಮನೆಯ ದೊಡ್ಡ ಭಾಗ ಸುಟ್ಟುಹೋಯಿತು. ಮರುವರ್ಷ ಕತ್ರಿನಾ ಚಂಡಮಾರುತ. ಅದರ ನಡುವೆಯೇ ದುರಸ್ತಿ ನಡೆದು ಮನೆ ಮತ್ತೆ ಎದ್ದು ನಿಂತಿತು. ಹಾಗಾಗಿ ಇಂದು ಕಾಣುವ ಮನೆಯಲ್ಲಿ 1805ರ ಮರವೂ ಇದೆ, ಈ ಶತಮಾನದ ಮರವೂ ಇದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸಂರಕ್ಷಿತ ಮನೆ ಎಂದರೆ ಪದೇ ಪದೇ ರಿಪೇರಿ ಆದ ಮನೆ.

ಹಳೆಯ ಸೈಪ್ರೆಸ್ ಮರದ ತಿರುಳು ಕೊಳೆಯುವುದು ಕಡಿಮೆ, ಗೆದ್ದಲಿಗೂ ಬೇಗ ಬಗ್ಗುವುದಿಲ್ಲ ಎಂಬುದು ನಿಜ. ಹಾಗೆಂದು ಅದು ಅಮರವೇನಲ್ಲ. ಎರಡನೇ ಮಹಾಯುದ್ಧದ ನಂತರ ಹಡಗಿನ ಸರಕಿನೊಂದಿಗೆ ಅಮೆರಿಕಕ್ಕೆ ಬಂದ ಫಾರ್ಮೋಸಾ ಗೆದ್ದಲು ನ್ಯೂ ಆರ್ಲಿಯನ್ಸ್‌ನ ಹಳೆ ಕಟ್ಟಡಗಳನ್ನು ಕಾಡುತ್ತಲೇ ಇದೆ.

ಬೆಲ್ಲ, ಮೊಟ್ಟೆ ಹಾಕಿದ ಗಾರೆಯ ಫಾರ್ವರ್ಡ್ ಬಂದಾಗಲೆಲ್ಲ ನಮಗೆ ನೆನಪಾಗುವುದು ಸುಣ್ಣದ ಈ ಗುಣ. ಲೂಸಿಯಾನಾದಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಣ್ಣದ ಗಾರೆ ಸಿಮೆಂಟಿಗಿಂತ ಗಟ್ಟಿ ಅಲ್ಲವೇ ಅಲ್ಲ, ಅದು ಮೆತ್ತಗಿದೆ. ಮೆತ್ತಗಿರುವುದೇ ಅದರ ಲಾಭ. ಗೋಡೆಯೊಳಗೆ ಸೇರಿದ ನೀರು ಗಾರೆಯ ಮೂಲಕ ಹೊರಗೆ ಆರಿಹೋಗುತ್ತದೆ, ಗೋಡೆ ಕೊಂಚ ಕದಲಿದರೂ ತಡೆದುಕೊಳ್ಳುತ್ತದೆ. ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಹಳೆಯ ಮೆತ್ತನೆ ಇಟ್ಟಿಗೆಯ ಗೋಡೆಗೆ ಗಟ್ಟಿ ಎಂದು ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಕಾಲಕ್ರಮದಲ್ಲಿ ಸಿಮೆಂಟ್ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ನಿಮ್ಮ ಊರಿನಲ್ಲಿ ಸುಣ್ಣದ ಗಾರೆಯ ಹಳೆ ಮನೆ ಇದ್ದರೆ, ರಿಪೇರಿಗೆ ಮುನ್ನ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಒಮ್ಮೆ ಕೇಳಿ. ರಸಾಯನಶಾಸ್ತ್ರ ಎರಡೂ ಕಡೆ ಒಂದೇ.

ಇನ್ನೊಂದು ತಪ್ಪು ಲೆಕ್ಕವೂ ಇದೆ. ನಿಂತಿರುವ ಹಳೆ ಮನೆ ನೋಡಿ ಆಗ ಎಲ್ಲವನ್ನೂ ಗಟ್ಟಿಯಾಗಿ ಕಟ್ಟುತ್ತಿದ್ದರು ಎನ್ನುತ್ತೇವೆ. ಬಿದ್ದುಹೋದವು ಫೋಟೊಕ್ಕೆ ಸಿಗುವುದಿಲ್ಲವಲ್ಲ. ಲಾರಾ ತೋಟದಲ್ಲಿ ದೊಡ್ಡ ಮನೆ ಒಂದೇ ಇತ್ತು. ಅದರ ಹಿಂದೆ ಗದ್ದೆಯ ಕಡೆ ಹೋಗುವ ದಾರಿಯುದ್ದಕ್ಕೂ ಸುಮಾರು 70 ಸಣ್ಣ ಗುಡಿಸಲುಗಳಿದ್ದವು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು.

ಫಾರ್ವರ್ಡ್ ಆಗದ ಕಥೆ

ಆ ಗುಡಿಸಲುಗಳಲ್ಲಿ ಇದ್ದವರು ಗುಲಾಮರು. ತೂತು ಕೊರೆದು ತೊಲೆ ಕೂರಿಸಿದವರು, ನದಿಯ ಮಣ್ಣಿನಿಂದ ಇಟ್ಟಿಗೆ ಮಾಡಿ ಸುಟ್ಟವರು, ಸೈಪ್ರೆಸ್ ಕಡಿದು ಜೌಗಿನಿಂದ ಎಳೆದು ತಂದವರು ಅವರೇ. ನಮ್ಮ ಹಿರಿಯರ ಜ್ಞಾನ ಎಂದು ಬೆನ್ನು ತಟ್ಟಿಕೊಳ್ಳುವ ಸಾಲು ಈ ಮನೆಗೂ ಒಪ್ಪುತ್ತದೆ, ಆದರೆ ಆ ಜ್ಞಾನ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಉತ್ತರ ಯಜಮಾನನ ಹೆಸರಲ್ಲ.

ಮೊಳೆ, ಬೀರು, ಮಂಚದ ಕಥೆಗಳು ಇಷ್ಟು ಚೆನ್ನಾಗಿ ಓಡಿದ್ದಕ್ಕೂ ಈ ಕಥೆ ಓಡದೇ ಇದ್ದದ್ದಕ್ಕೂ ಸಂಬಂಧವಿದೆ ಎಂಬುದು ನಮ್ಮ ಅಭಿಪ್ರಾಯ. ಜೆನಿಫರ್ ಐಕ್‌ಸ್ಟೆಡ್ ಮತ್ತು ಸ್ಟೀಫನ್ ಸ್ಮಾಲ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಲೂಸಿಯಾನಾ, ವರ್ಜೀನಿಯಾ, ಜಾರ್ಜಿಯಾ ರಾಜ್ಯಗಳ ನೂರಕ್ಕೂ ಹೆಚ್ಚು ಇಂಥ ತಾಣಗಳನ್ನು ನೋಡಿ 2002ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಹೆಚ್ಚಿನ ಕಡೆ ಗೈಡ್‌ಗಳು ಪಿಂಗಾಣಿ, ಪೀಠೋಪಕರಣ, ಯಜಮಾನರ ಔದಾರ್ಯ ಎಲ್ಲವನ್ನೂ ವರ್ಣಿಸುತ್ತಾರೆ, ಗುಲಾಮಗಿರಿಯ ಮಾತು ಬಂದಾಗ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ತೇಲಿಸುತ್ತಾರೆ ಎಂಬುದು ಅವರು ಕಂಡದ್ದು.

ಹೇಳಲು ಸಾಕ್ಷಿ ಇರಲಿಲ್ಲವೇ? ಬೇಕಾದಷ್ಟು ಇತ್ತು. ಫ್ರೆಂಚ್, ಸ್ಪ್ಯಾನಿಷ್ ಕಾನೂನಿನ ಪದ್ಧತಿಯಂತೆ ಆಸ್ತಿವಂತರು ಸತ್ತಾಗ ನೋಟರಿ ಬಂದು ಆಸ್ತಿಯ ಪಟ್ಟಿ ಬರೆಯುತ್ತಿದ್ದ. ಎತ್ತು, ಗಾಡಿ, ಬೆಳ್ಳಿ ಚಮಚಗಳ ಜೊತೆಗೆ ಗುಲಾಮರ ಹೆಸರು, ವಯಸ್ಸು, ಕಸುಬು, ಬೆಲೆ. ಗ್ವೆಂಡೊಲಿನ್ ಮಿಡ್ಲೊ ಹಾಲ್ ಎಂಬ ಇತಿಹಾಸಕಾರ್ತಿ ವರ್ಷಗಟ್ಟಲೆ ಕೂತು ಇಂಥ ಕಾಗದಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನರ ವಿವರವನ್ನು ಒಂದು ಡೇಟಾಬೇಸ್‌ಗೆ ಸೇರಿಸಿದರು. ಲಾರಾದ ಹತ್ತಿರದಲ್ಲೇ, ಅದೇ ನದಿದಂಡೆಯಲ್ಲಿ ವಿಟ್ನಿ ಎಂಬ ಇನ್ನೊಂದು ಕ್ರಿಯೋಲ್ ಮನೆ ಇದೆ. 2014ರ ಡಿಸೆಂಬರ್‌ನಲ್ಲಿ ಅದು ಗುಲಾಮರ ಬದುಕನ್ನೇ ಮುಖ್ಯವಾಗಿ ಹೇಳುವ ಸಂಗ್ರಹಾಲಯವಾಗಿ ತೆರೆಯಿತು. ಹಾಲ್ ಸಂಗ್ರಹಿಸಿದ ಹೆಸರುಗಳನ್ನು ಅಲ್ಲಿ ಕಲ್ಲಿನ ಗೋಡೆಗಳ ಮೇಲೆ ಕೆತ್ತಿದ್ದಾರೆ.

ಲಾರಾ 1994ರಲ್ಲಿ ಸಾರ್ವಜನಿಕರಿಗೆ ತೆರೆದಾಗ ಅದರ ಕೈಯಲ್ಲಿ ಇನ್ನೊಂದು ದಾಖಲೆ ಇತ್ತು. ಲಾರಾ ಲೊಕೂಲ್ ವಯಸ್ಸಾದ ಮೇಲೆ ತನ್ನ ಹೆಣ್ಣುಮಕ್ಕಳಿಗಾಗಿ ಬರೆದ ನೆನಪುಗಳು. ಬಾಲ್ಯದಲ್ಲಿ ಒಬ್ಬ ಮುದುಕನ ಮುಖದ ಮೇಲೆ ಸುಟ್ಟ ಗುರುತು ಕಂಡು ಅದೇನೆಂದು ಕೇಳಿದ್ದನ್ನು ಅವಳು ಅದರಲ್ಲಿ ಬರೆದಿದ್ದಾಳೆ. ಆ ಮುದುಕ ಹಿಂದೆ ಗುಲಾಮನಾಗಿದ್ದ, ಓಡಿಹೋದ ತಪ್ಪಿಗೆ ಹಾಕಿದ ಬರೆ ಅದು. ಆ ಬರೆಯಲ್ಲಿ ಇದ್ದದ್ದು ಅವಳ ಮನೆತನದ ಅಕ್ಷರಗಳು. ದಶಕಗಳ ನಂತರ ಬರೆದ ನೆನಪಿನಲ್ಲಿ ತಪ್ಪುಗಳು ಇರಬಹುದು. ಆದರೆ ತನ್ನ ಮನೆತನದ ಮಾನ ಕಳೆಯುವ ಮಾತನ್ನು ಮಗಳೇ ತನ್ನ ಮಕ್ಕಳಿಗೆ ಬರೆದಿಟ್ಟಾಗ ಅದಕ್ಕೆ ತೂಕ ಹೆಚ್ಚು.

ಮೊಲ ಮತ್ತು ಬೂಕಿ

ಕೊನೆಗೆ ಲಾರಾ ಮನೆಯ ಬಗ್ಗೆ ಅತಿ ಹೆಚ್ಚು ಹರಿದಾಡುವ ಮಾತು. ಅಮೆರಿಕದ ಮಕ್ಕಳೆಲ್ಲ ಕೇಳಿ ಬೆಳೆದ ಬ್ರೇರ್ ರ‍್ಯಾಬಿಟ್ ಎಂಬ ಜಾಣ ಮೊಲದ ಕಥೆಗಳು ಹುಟ್ಟಿದ್ದು ಇಲ್ಲೇ ಎಂದು ಹೇಳುತ್ತಾರೆ. ಇದೂ ಅರ್ಧ ಸರಿ. ಆ ಹೆಸರಿನಿಂದ ಮೊಲವನ್ನು ಪ್ರಸಿದ್ಧಗೊಳಿಸಿದ ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಜಾರ್ಜಿಯಾದವನು, ಅವನು ಕೇಳಿದ್ದು ಅಲ್ಲಿಯ ಕರಿಯರ ಬಾಯಿಂದ. ಲೂಸಿಯಾನಾದಲ್ಲಿ ಅದೇ ಮೊಲದ ಕಥೆಗಳನ್ನು ಕ್ರಿಯೋಲ್ ಭಾಷೆಯಲ್ಲಿ ಬರೆದುಕೊಂಡವನು ಆಲ್ಸೆ ಫೋರ್ಟಿಯೆ. ಲಾರಾ ಇರುವ ಸೇಂಟ್ ಜೇಮ್ಸ್ ಪ್ರದೇಶದಲ್ಲೇ ಹುಟ್ಟಿದವನು, ಮುಂದೆ ಪ್ರೊಫೆಸರ್ ಆದವನು. ಅವನ ಸಂಗ್ರಹ 1895ರಲ್ಲಿ ಅಚ್ಚಾಯಿತು. ಹುಟ್ಟಿದ್ದು ಮಾತ್ರ ಜಾರ್ಜಿಯಾದಲ್ಲೂ ಅಲ್ಲ, ಲೂಸಿಯಾನಾದಲ್ಲೂ ಅಲ್ಲ.

ಅದಕ್ಕೆ ಸಾಕ್ಷಿ ಆ ಕಥೆಗಳೊಳಗೇ ಇದೆ. ಫೋರ್ಟಿಯೆ ಬರೆದುಕೊಂಡ ಕಥೆಗಳಲ್ಲಿ ಮೊಲದ ಹೆಸರು ಕೊಂಪೇರ್ ಲಾಪೆನ್, ಪ್ರತಿ ಸಲ ಅದರಿಂದ ಮೋಸ ಹೋಗುವ ದಡ್ಡ ಪ್ರಾಣಿಯ ಹೆಸರು ಕೊಂಪೇರ್ ಬೂಕಿ. ಲಾಪೆನ್ ಎಂಬುದು ಫ್ರೆಂಚ್, ಮೊಲ ಎಂದರ್ಥ. ಬೂಕಿ ಫ್ರೆಂಚ್ ಅಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್ ಕಡೆಯ ವೊಲೊಫ್ ಭಾಷೆಯಲ್ಲಿ ಅದರ ಅರ್ಥ ಕತ್ತೆಕಿರುಬ. ಲೂಸಿಯಾನಾದ ಕಾಡಿನಲ್ಲಿ ಕತ್ತೆಕಿರುಬ ಇಲ್ಲ. ಅದನ್ನು ಎಂದೂ ನೋಡಿರದ ಮಕ್ಕಳಿಗೆ, ಆ ಗುಡಿಸಲುಗಳಲ್ಲಿ, ಹೆಸರು ಬದಲಾಯಿಸದೆ ಹೇಳಿಕೊಂಡು ಬಂದಿದ್ದರು.

ಗುಲಾಮಗಿರಿ 1865ರಲ್ಲಿ ಕೊನೆಯಾದ ಮೇಲೂ ತೋಟದ ಕೂಲಿಗಳು ಆ ಗುಡಿಸಲುಗಳಲ್ಲೇ ಇದ್ದರು. ಕೊನೆಯ ಸಂಸಾರ ಅಲ್ಲಿಂದ ಹೊರಟದ್ದು 1977ರಲ್ಲಿ.